ಹಗುರದ ದಿನದ ರಾಡು

ನಾನು ಹತ್ತು ಕಿಲೋ ತೂಕದ ಒಂದು ಕಬ್ಬಿಣದ ರಾಡು. ಭದ್ರಾವತಿಯ ಒಂದು ಲೇತ್ ಅಂಗಡಿಯಲ್ಲಿ ಹುಟ್ಟಿದೆ. ಅದೇ ದಿನ ಅಲ್ಲೇ ನನ್ನ ಅಣ್ಣನೂ ಹುಟ್ಟಿದ, ಇಪ್ಪತ್ತು ಕಿಲೋದವನು. ನಮ್ಮನ್ನು ಕಡೆದ ಟರ್ನರ್ ಅಂತೋಣಿ ಕೊನೆಯಲ್ಲಿ ನನ್ನ ಮೇಲೆ ಅಂಗೈ ಆಡಿಸಿ ನೋಡಿದ. ಎಲ್ಲೋ ಒರಟು ತಾಗಿತೆಂದು ಮತ್ತೆ ಉಜ್ಜು ಕಾಗದ ಹಿಡಿದು ಕೂತ. "ಯಾರ ಕೈಗೆ ಹೋಗುತ್ತೋ ಏನೋ, ಚುಚ್ಚಬಾರದು" ಅಂದ. ಅವನನ್ನು ನಾನು ಮತ್ತೆ ನೋಡಲಿಲ್ಲ.

ನಾವಿಬ್ಬರೂ ಸೇರಿದ್ದು ಉಸ್ತಾದ್ ಖಾದರ್ ಸಾಬರ ವ್ಯಾಯಾಮಶಾಲೆಗೆ. ಅಲ್ಲೊಂದು ಕಟ್ಟಳೆ ಇತ್ತು. ಸೋಮವಾರ, ಬುಧವಾರ, ಶುಕ್ರವಾರ ಭಾರದ ದಿನ. ಅಣ್ಣನ ಎರಡು ತುದಿಗೂ ದೊಡ್ಡ ಪ್ಲೇಟುಗಳು ಏರುತ್ತಿದ್ದವು. ಮಂಗಳವಾರ, ಗುರುವಾರ, ಶನಿವಾರ ಹಗುರದ ದಿನ. ಅಂದು ಉಸ್ತಾದರು ಅಣ್ಣನನ್ನು ಗೋಡೆಯ ಕೊಂಡಿಗೆ ಸರಪಳಿ ಸುತ್ತಿ ಬೀಗ ಹಾಕುತ್ತಿದ್ದರು. ಕೀಲಿ ಅವರ ಅಂಗಿಯ ಜೇಬಿಗೆ ಹೋಗುತ್ತಿತ್ತು. ಆಮೇಲೆ ನನ್ನನ್ನು ಎತ್ತಿಕೊಡುತ್ತಿದ್ದರು.

ನಾನು ಬಂದರೆ ಎಲ್ಲರ ಮುಖ ಸಪ್ಪಗಾಗುತ್ತಿತ್ತು. "ಇವತ್ತು ಕೋಲಾಟ ಕಣ್ರೋ, ಗೆಜ್ಜೆ ತಂದಿದೀರಾ?" ಎಂದು ಒಬ್ಬ ಕೇಳಿದರೆ ಉಳಿದವರು ಸೊಂಟ ಬಳುಕಿಸುತ್ತಿದ್ದರು. ಉಸ್ತಾದರೂ ನಗುತ್ತಿದ್ದರು. "ನಿನ್ನೆ ಎತ್ತಿದ್ದು ಮೈಗೆ ಹತ್ತೋದು ಇವತ್ತು. ಹಿಟ್ಟು ನಾದಿ ಒಂದಿಷ್ಟು ಹೊತ್ತು ಮುಚ್ಚಿಡಲ್ವೇನೋ ನಿಮ್ಮವ್ವ? ಹಂಗೆ."

ನೀಲಾವತಿ ಮಾತ್ರ ನಗುತ್ತಿರಲಿಲ್ಲ. ಬೇಕರಿಯ ಒಲೆ ನೋಡಿಕೊಳ್ಳುತ್ತಿದ್ದ ತುಕಾರಾಮನ ಮಗಳು. ಹದಿನೇಳು ವರ್ಷ, ಅಲ್ಲಿಗೆ ಬರುತ್ತಿದ್ದ ಒಬ್ಬಳೇ ಹುಡುಗಿ. ಡಿಸೆಂಬರಿನ ಬೆಳಗುಗಳಲ್ಲಿ ನಾನು ಮಂಜುಗಡ್ಡೆಯಂತೆ ತಣ್ಣಗಿರುತ್ತಿದ್ದೆ. ಉಸ್ತಾದರು ತಮ್ಮ ಶಾಲಿನಿಂದ ನನ್ನನ್ನು ತಿಕ್ಕಿ ಬೆಚ್ಚಗೆ ಮಾಡಿ ಅವಳ ಕೈಗೆ ಕೊಡುತ್ತಿದ್ದರು.

ಆ ವರ್ಷ ಜಿಲ್ಲೆಯ ಆಯ್ಕೆ ಇತ್ತು. ಅರವತ್ತೈದು ಕಿಲೋ ಎತ್ತಿದವಳಿಗೆ ಕ್ರೀಡಾ ಹಾಸ್ಟೆಲ್ಲಿನಲ್ಲಿ ಸೀಟು, ಕಾಲೇಜು. ಇದ್ದದ್ದು ಒಂದೇ ಸೀಟು; ಅದರ ಮೇಲೆ ಶಿವಮೊಗ್ಗದ ಒಬ್ಬ ಹುಡುಗಿಯ ಕಣ್ಣೂ ಇತ್ತು. ನೀಲಾವತಿ ಅರವತ್ತು ಎತ್ತುತ್ತಿದ್ದಳು. ಆಯ್ಕೆಗೆ ಹದಿನೈದು ದಿನ ಇರುವಾಗ ಉಸ್ತಾದರಿಗೆ ಕಣ್ಣಿನ ಆಪರೇಷನ್ ಆಯಿತು. ಹೋಗುವ ಮುನ್ನ ಕೀಲಿಯನ್ನು ಅವಳಿಗೆ ಕೊಟ್ಟರು. "ನಿನ್ನಷ್ಟು ಇದರ ಬೆಲೆ ತಿಳಿದೋರು ಇಲ್ಲಿ ಯಾರೂ ಇಲ್ಲಮ್ಮಾ" ಅಂದರು.

ಅವರ ಜಾಗಕ್ಕೆ ದಿನಕರ ಮಾಸ್ಟರು ಬಂದರು. ಕೊರಳಲ್ಲಿ ಸೀಟಿ, ಕೈಯಲ್ಲಿ ಸ್ಟಾಪ್‌ವಾಚು. ಮಂಗಳವಾರ ನನ್ನನ್ನು ಹಿಡಿದು ನಿಂತಿದ್ದ ನೀಲಾವತಿಯನ್ನು ನೋಡಿ ಅಂದರು, "ಹಗುರದ ದಿನ ಅಂದ್ರೆ ರಜಾ ದಿನ. ಶಿವಮೊಗ್ಗದ ಹುಡುಗಿ ರಜಾ ತಗೊಂತಾಳೆ ಅನ್ಕೊಂಡಿದೀಯಾ? ಕೀಲಿ ನಿನ್ ಹತ್ರಾನೇ ಇದೆಯಲ್ಲಮ್ಮಾ, ನಾನೇನ್ ಹೇಳ್ಲಿ."

ಅವಳು ನನ್ನನ್ನು ಎರಡು ಸಲ ಎತ್ತಿದಳು. ಮೂರನೆಯ ಸಲ ಎತ್ತಲಿಲ್ಲ. ಸದ್ದಾಗದ ಹಾಗೆ ಗೋಡೆಗೆ ಒರಗಿಸಿದಳು. ಬೀಗದ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ತೆರೆದಳು.

ಆ ವಾರ ನಾನು ಮೂಲೆಯಲ್ಲಿ ನಿಂತು ನೋಡುತ್ತಿದ್ದೆ. ದಿನವೂ ಭಾರ. ಗುರುವಾರ ಅರವತ್ತೆರಡೂವರೆ ಏರಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಸ್ಟರು ಬನ್ನು ತರಿಸಿ ಹಂಚಿದರು. ಶುಕ್ರವಾರ ಅವಳು ಮೆಟ್ಟಿಲು ಹತ್ತುವಾಗ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅದನ್ನು ನಾನೊಬ್ಬನೇ ನೋಡಿದೆನೋ ಏನೋ. ನನಗೆ ಬಾಯಿಲ್ಲ.

ಶನಿವಾರ ಅರವತ್ತೈದು ಹಾಕಿದರು. ಭುಜದವರೆಗೆ ಬಂತು. ತಲೆಯ ಮೇಲಕ್ಕೆ ತಳ್ಳುವಾಗ ಅವಳ ಸೊಂಟದಲ್ಲಿ ಹಸಿ ಕಡ್ಡಿ ಮುರಿದಂಥ ಸದ್ದಾಯಿತು. ಅಣ್ಣ ನೆಲಕ್ಕೆ ಬಿದ್ದ. ಅವಳು ಮೊಣಕಾಲೂರಿ "ಅಪ್ಪಾ" ಅಂದಳು, ಬಹಳ ಮೆಲ್ಲಗೆ.

ವ್ಯಾಯಾಮಶಾಲೆಯ ಸಮಿತಿಯವರು ವಿಚಾರಿಸಲು ಬಂದಾಗ ಮಾಸ್ಟರು ಹೇಳಿದರು, "ಹುಡುಗಿ ಸೊಂಟದಲ್ಲಿ ಬಲ ಇರ್ಲಿಲ್ಲ ಸಾರ್. ಬೀಗ ತೆಗೆದದ್ದೂ ಅವಳೇ." ಬೀಗ ತೆಗೆದದ್ದು ಅವಳೇ, ಅಷ್ಟು ನಿಜ. ಆ ನಿಜವೇ ಎಲ್ಲರಿಗೂ ಸಾಕಾಯಿತು.

ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದ ಉಸ್ತಾದರು ಒಬ್ಬರೇ ಬೇರೆ ಮಾತಾಡಿದರು. "ಕೀಲಿ ಕೊಟ್ಟೋನು ನಾನು. ಹಸಿದೋರ ಕೈಗೆ ಅನ್ನದ ಪಾತ್ರೆ ಕೊಟ್ಟು ಮುಟ್ಟಬೇಡ ಅಂದಂಗಾಯ್ತು."

ಸೀಟು ಶಿವಮೊಗ್ಗದ ಹುಡುಗಿಗೆ ಹೋಯಿತು. ಕೆಲವು ವರ್ಷಗಳಲ್ಲಿ ವ್ಯಾಯಾಮಶಾಲೆ ಗೊಬ್ಬರದ ಗೋದಾಮಾಯಿತು. ಅಣ್ಣನನ್ನು ಕನ್ನಡಿ ಗೋಡೆಗಳ ಹೊಸ ಜಿಮ್ಮಿನವರು ಕೊಂಡೊಯ್ದರು. ನನ್ನನ್ನು ಯಾರೂ ಕೇಳಲಿಲ್ಲ. ಉಸ್ತಾದರು ನನ್ನನ್ನು ಹೆಗಲ ಮೇಲಿಟ್ಟುಕೊಂಡು ನೀಲಾವತಿಯ ಮನೆಯವರೆಗೆ ನಡೆದರು. "ವಾಸಿಯಾದ ಮೇಲೆ ಇದರಿಂದ ಶುರು ಮಾಡಮ್ಮಾ" ಎಂದು ಮಂಚದ ಕೆಳಗೆ ಇಟ್ಟರು. ಆಗಲೇ ಅವರಿಗೆ ಉಬ್ಬಸ. ಅದೇ ಮಳೆಗಾಲದಲ್ಲಿ ತೀರಿಕೊಂಡರು.

ಅವಳ ಸೊಂಟ ವಾಸಿಯಾಗಲಿಲ್ಲ. ಮದುವೆಯಾಗಿ ತರೀಕೆರೆಗೆ ಹೋಗುವಾಗ ನನ್ನನ್ನು ಹಾಸಿಗೆಯಲ್ಲಿ ಸುತ್ತಿಕೊಂಡು ಹೋದಳು. "ಎಲ್ಲರ ಸೊಸೇರು ಬಂಗಾರ ತರ್ತಾರೆ, ನಮ್ಮೋಳು ಕಬ್ಬಿಣ ತಂದಳು" ಎಂದು ಅತ್ತೆ ನೆರೆಯವರಿಗೆ ಹೇಳಿ ನಗಿಸಿದರು. ಗಂಡ ಮಂಜಪ್ಪ ಒಳ್ಳೆಯವನು. ಬಟ್ಟೆ ಒಣಹಾಕಲು ಹೆಂಡತಿ ಕೈಯೆತ್ತಿ ನೋಯುವುದನ್ನು ನೋಡಲಾರದೆ, ಒಂದು ಭಾನುವಾರ ಹಿತ್ತಲಿನ ಎರಡು ಗೋಡೆಗಳ ನಡುವೆ ಅವಳ ಎದೆಯ ಎತ್ತರಕ್ಕೆ ನನ್ನನ್ನು ಕೂರಿಸಿದ. "ಇನ್ಮೇಲೆ ನೀನು ಕೈ ಎತ್ತೋದೇ ಬೇಡ" ಅಂದ. ಅವನಿಗೆ ಕಾಫಿ ಮಾಡಿ ತಂದುಕೊಟ್ಟಳು.

ಈಗ ಅವಳ ಕೂದಲು ನೆರೆತಿದೆ, ನನಗೆ ತುಕ್ಕು ಹಿಡಿದಿದೆ. ಇಂದಿಗೂ ಅವಳು ಕಟ್ಟಳೆ ಬಿಟ್ಟಿಲ್ಲ. ಸೋಮವಾರ ಕಂಬಳಿ, ಜಮಖಾನೆ. ಮಂಗಳವಾರ ಕರವಸ್ತ್ರ, ರವಿಕೆ. ಬುಧವಾರ ಮತ್ತೆ ಭಾರ. ಯಾಕೆ ಹೀಗೆ ಎಂದು ಮನೆಯಲ್ಲಿ ಯಾರೂ ಕೇಳಿಲ್ಲ.

ಒಂದೊಂದು ಮಂಗಳವಾರ ಬಟ್ಟೆ ಹರವುವ ಮುನ್ನ ಅವಳು ನನ್ನ ಮೇಲೆ ಎರಡೂ ಅಂಗೈ ಇಡುತ್ತಾಳೆ. ಉಸ್ತಾದರು ಕಲಿಸಿದ ಅದೇ ಅಂತರ. ಬೆನ್ನು ನೆಟ್ಟಗಾಗುತ್ತದೆ, ಮೊಣಕಾಲು ಕೊಂಚ ಬಾಗುತ್ತದೆ, ಉಸಿರು ಒಳಗೆ ನಿಲ್ಲುತ್ತದೆ. ನಾನು ಬರೀ ಹತ್ತು ಕಿಲೋ, ಬಹುಶಃ ಎತ್ತಿಯಾಳು. ಆದರೆ ನನ್ನ ಎರಡು ತುದಿಗೂ ಸಿಮೆಂಟು ಮೆತ್ತಿದೆ.

ಅವಳು ಉಸಿರು ಬಿಟ್ಟು, ಬಕೆಟ್ಟಿನಿಂದ ಮೊದಲ ಕರವಸ್ತ್ರ ತೆಗೆದು ಹಿಂಡುತ್ತಾಳೆ.