ಮೇನ್‌ಫ್ರೇಮಿಗೆ ಮೂರು ಹೆಸರು

ಬಳ್ಳಾರಿಯ ಮೇ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡು ಕೆಲಸ ಮಾಡುವವರಿದ್ದರು ಎಂದರೆ ಈಗಿನವರು ತಲೆ ಕೆಟ್ಟಿದೆಯಾ ಎಂದು ಕೇಳುತ್ತಾರೆ. ಇದ್ದರು, ಮೂರು ಜನ. ಊರಿಗೆ ಊರೇ ಒದ್ದೆ ಗೋಣಿತಾಟನ್ನು ಕಿಟಕಿಗೆ ಕಟ್ಟಿಕೊಂಡು ಉಸ್ಸಪ್ಪಾ ಎನ್ನುತ್ತಿದ್ದ ಕಾಲದಲ್ಲಿ, ಒಂದು ಅದಿರು ಕಂಪನಿಯ ಕಂಪ್ಯೂಟರ್ ಕೋಣೆಯೊಳಗೆ ಜ್ಯೋತಿಲಕ್ಷ್ಮಿ, ಸಿರುಗುಪ್ಪದ ಚಂದ್ರಣ್ಣ, ಕುರುಗೋಡಿನ ಗಾದಿಲಿಂಗಪ್ಪ ಚಳಿಗೆ ಅಂಗೈ ಉಜ್ಜಿಕೊಳ್ಳುತ್ತಿದ್ದರು. ಗೋಡೆಯುದ್ದಕ್ಕೂ ಬೀರುಗಳ ಹಾಗೆ ನಿಂತಿದ್ದ ಮೇನ್‌ಫ್ರೇಮ್ ಎಂಬ ಆ ದೊಡ್ಡ ಕಂಪ್ಯೂಟರಿಗೆ ಸೆಕೆ ಆಗಿಬರುತ್ತಿರಲಿಲ್ಲ. ಮ್ಯಾನೇಜರ್ ಸಾಹೇಬರಿಗೆ ಇಲ್ಲದ ಏಸಿ ಅದಕ್ಕಿತ್ತು. ಏನಾದರೊಂದು ನೆವ ತೆಗೆದು ಸಾಹೇಬರು ದಿನಾ ಮಧ್ಯಾಹ್ನ ಆ ಕೋಣೆಗೆ ಬಂದು ತಣ್ಣಗೆ ಕೂತು ಹೋಗುತ್ತಿದ್ದರು.

ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕಿತ್ತು. ಧೂಳು ಬೀಳಬಾರದು ಎಂಬುದಷ್ಟೇ ಕಾರಣ. ಆದರೆ ಚಂದ್ರಣ್ಣ ಮಾತ್ರ ಒಳಗೆ ಕಾಲಿಡುವಾಗ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಗಾದಿಲಿಂಗಪ್ಪ ಅದಕ್ಕೂ ಅಣಕಿಸುತ್ತಿದ್ದ. ಜ್ಯೋತಿಲಕ್ಷ್ಮಿಗೆ ಆಗ ಇಪ್ಪತ್ತೆರಡು ವರ್ಷ. ತನ್ನ ಆಯುಷ್ಯದಲ್ಲಿ ಅಷ್ಟು ಸುಖದ ದಿನಗಳು ಮತ್ತೆ ಬರಲಿಲ್ಲ ಎಂದು ಅವಳು ಇವತ್ತಿಗೂ ಯಾವ ಮುಲಾಜೂ ಇಲ್ಲದೆ ಹೇಳುತ್ತಾಳೆ.

ಕಂಪನಿ ಆ ಕೋಣೆ ಮುಚ್ಚಿತು, ಯಂತ್ರ ಗುಜರಿಗೆ ಹೋಯಿತು, ಮೂವರೂ ಚೆಲ್ಲಾಪಿಲ್ಲಿಯಾದರು. ಜ್ಯೋತಿಲಕ್ಷ್ಮಿ ಕೌಲ್ ಬಜಾರಿನಲ್ಲಿ ಕಂಪ್ಯೂಟರ್ ಕಲಿಸುವ ಅಂಗಡಿ ತೆರೆದಳು. ಚಂದ್ರಣ್ಣ ಸಿರುಗುಪ್ಪದ ರೈಸ್ ಮಿಲ್ಲೊಂದರ ಕಂಪ್ಯೂಟರ್ ನೋಡಿಕೊಳ್ಳುವವನಾದ. ಗಾದಿಲಿಂಗಪ್ಪ ಅಪ್ಪನ ಅಂಜೂರದ ತೋಟಕ್ಕೆ ಮರಳಿದ. ವರ್ಷಗಳ ಮೇಲೆ ಒಂದು ಪತ್ರಿಕೆಯಲ್ಲಿ ಜ್ಯೋತಿಲಕ್ಷ್ಮಿ ಓದಿದಳು: ಯಾರ ಸ್ವತ್ತೂ ಅಲ್ಲದ, ಊರೂರಿನ ಜನ ಪುಕ್ಕಟೆಯಾಗಿ ದುಡಿದು ಬೆಳೆಸುವ ಒಂದು ಆಪರೇಟಿಂಗ್ ಸಿಸ್ಟಮ್ ಇದೆ, ಅದು ಮೇನ್‌ಫ್ರೇಮಿನ ಮೇಲೂ ಓಡುತ್ತದೆ, ಆದರೆ ಆ ಕಡೆ ನೋಡಿಕೊಳ್ಳುವವರು ಬೆರಳೆಣಿಕೆಯಷ್ಟು. ದೂರದೇಶದ ಒಂದು ವಿಶ್ವವಿದ್ಯಾಲಯ ತನ್ನ ಮೇನ್‌ಫ್ರೇಮಿನಲ್ಲಿ ಒಂದು ಮೂಲೆಯನ್ನು ಇಂಥ ಸ್ವಯಂಸೇವಕರಿಗೆ ಬಿಟ್ಟುಕೊಟ್ಟಿತ್ತು. ಜ್ಯೋತಿಲಕ್ಷ್ಮಿ ಇಬ್ಬರಿಗೂ ಹೇಳಿ ಕಳಿಸಿದಳು. ರಾಯಲ್ ಸರ್ಕಲ್ ಹತ್ತಿರದ ಇಂಟರ್‌ನೆಟ್ ಅಂಗಡಿಯಲ್ಲಿ ಮೂವರೂ ಒಂದೇ ಪರದೆಯ ಮುಂದೆ ಕೂತು ಪಾಸ್‌ವರ್ಡ್ ಒತ್ತಿದಾಗ ಆ ಕಡೆಯ ಮೇನ್‌ಫ್ರೇಮ್ ಒಂದು ಸಾಲು ಉತ್ತರ ಕೊಟ್ಟಿತು. ಚಂದ್ರಣ್ಣ ಸದ್ದಿಲ್ಲದೆ ಎದ್ದು ಹೋಗಿ ಚಪ್ಪಲಿ ಬಿಟ್ಟು ಬಂದ. ಅವತ್ತು ಗಾದಿಲಿಂಗಪ್ಪ ಅಣಕಿಸಲಿಲ್ಲ, ತಾನೂ ಬಿಟ್ಟ.

ಅವರ ಕೆಲಸ ಹೇಳಲು ಸುಲಭ. ಆ ವ್ಯವಸ್ಥೆಯಲ್ಲಿ ಸಾವಿರಾರು ಪ್ರೋಗ್ರಾಮುಗಳಿವೆ, ಬರೆಯುವವರು ತಮ್ಮ ಮನೆಯ ಸಾಮಾನ್ಯ ಕಂಪ್ಯೂಟರಿಗೆಂದು ಬರೆದಿರುತ್ತಾರೆ. ಅವು ಮೇನ್‌ಫ್ರೇಮಿನ ಮೇಲೆ ಎಡವಿದರೆ ಎತ್ತಿ ನಿಲ್ಲಿಸುವುದು ಈ ಮೂವರ ಪಾಲಿಗೆ ಬಂದಿತ್ತು. ಯಾರೂ ಕಾಸು ಕೊಡುವುದಿಲ್ಲ. ಗಾದಿಲಿಂಗಪ್ಪನ ಹೆಂಡತಿ ಸರೋಜಾ ಇದಕ್ಕೆ 'ಬಿಟ್ಟಿ ಚಾಕರಿ' ಎಂದು ಹೆಸರಿಟ್ಟಿದ್ದಳು. ಆದರೂ ಹದಿನೈದು ವರ್ಷಕ್ಕೂ ಮೇಲೆ ಮೂವರೂ ಸಂಜೆಯಾದರೆ ತಮ್ಮ ತಮ್ಮ ಊರಿನಿಂದ ಅದೇ ಯಂತ್ರದೊಳಗೆ ಸೇರುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡದಿದ್ದರೂ ಯಾರು ಒಳಗಿದ್ದಾರೆ ಎಂಬುದು ಪರದೆಯ ಮೇಲೆ ಕಾಣುತ್ತಿತ್ತು. ಜ್ಯೋತಿಲಕ್ಷ್ಮಿಗೆ ಅಷ್ಟು ಸಾಕಾಗಿತ್ತು.

ಕೆಡಿಸಿದ್ದು ಒಂದು ಪರೀಕ್ಷೆ. ಪ್ರತಿ ಪ್ರೋಗ್ರಾಮಿನ ಜೊತೆಗೂ ಅದು ಸರಿಯಾಗಿದೆಯೇ ಎಂದು ತಾನೇ ನೋಡಿಕೊಳ್ಳುವ ಪರೀಕ್ಷೆಗಳು ಇರುತ್ತವೆ. ನಾಲ್ಕು ವರ್ಷದ ಹಿಂದೆ, ಇಡೀ ವ್ಯವಸ್ಥೆಯ ಹೊಸ ಆವೃತ್ತಿ ಹೊರಬೀಳುವ ಗಡಿಬಿಡಿಯಲ್ಲಿ, ಒಂದು ಪ್ರೋಗ್ರಾಮಿನ ಒಂದು ಪರೀಕ್ಷೆ ಮೇನ್‌ಫ್ರೇಮಿನ ಮೇಲೆ ಮಾತ್ರ ನಪಾಸಾಗುತ್ತಿತ್ತು. ಚಂದ್ರಣ್ಣ 'ಮೇನ್‌ಫ್ರೇಮಿನಲ್ಲಿ ಈ ಪರೀಕ್ಷೆ ಬೇಡ' ಎಂದು ಒಂದು ಸಾಲು ಸೇರಿಸಿ ದಾಟಿಸಿಬಿಟ್ಟ. ತಪ್ಪು ಹುಡುಕುವುದು ಬಿಟ್ಟು ಮುಚ್ಚಿಟ್ಟನೆಂದು ಗಾದಿಲಿಂಗಪ್ಪನಿಗೆ ಸಿಟ್ಟು ನೆತ್ತಿಗೇರಿತು. ಈ ಸ್ವಯಂಸೇವಕರ ಲೋಕದಲ್ಲಿ ಮಾತುಕತೆಯೆಲ್ಲ ಎಲ್ಲರೂ ಓದುವ ಮೇಲ್‌ಗಳಲ್ಲೇ ನಡೆಯಬೇಕು. ಹಾಗಾಗಿ ಒಬ್ಬರನ್ನೊಬ್ಬರು 'ಲೇ' ಎಂದೇ ಕರೆದುಕೊಂಡು ಬಂದ ಇಬ್ಬರು ಗೆಳೆಯರು, ಇಡೀ ಜಗತ್ತು ನೋಡುತ್ತಿರುವಂತೆ, ಇಂಗ್ಲಿಷಿನಲ್ಲಿ, 'ಮಾನ್ಯ ಮಹೋದಯರೇ' ಎಂದು ಶುರುಮಾಡಿ ಜಗಳವಾಡಿದರು. ಓದಿದವರು ಇವರಿಗೆ ಪರಸ್ಪರ ಪರಿಚಯವೇ ಇಲ್ಲ ಅಂದುಕೊಂಡರು. ಮೂರನೆಯ ದಿನ ಗಾದಿಲಿಂಗಪ್ಪ ತಾನು ಬಿಟ್ಟೆ ಎಂದು ಬರೆದ. ಆಮೇಲೆ ಚಂದ್ರಣ್ಣ ಬರುವುದೂ ಕಡಿಮೆಯಾಗಿ, ಕೊನೆಗೆ ನಿಂತೇಹೋಯಿತು.

ಈ ವರ್ಷ ಮತ್ತೆ ಹೊಸ ಆವೃತ್ತಿಯ ಹೊತ್ತು ಬಂತು. ಪ್ರತಿ ಸಲವೂ ಆವೃತ್ತಿ ನೋಡಿಕೊಳ್ಳುವ ತಂಡ ಒಂದು ಹಾಜರಿ ಕರೆಯುತ್ತದೆ: ಈ ಯಂತ್ರದ ಪರವಾಗಿ ಯಾರು ನಿಲ್ಲುತ್ತೀರಿ? ನಿಲ್ಲುವವರು ತಂತಮ್ಮ ಮೇಲ್‌ನಿಂದ 'ನಾನು' ಎಂದು ಬರೆಯಬೇಕು. ಮೇನ್‌ಫ್ರೇಮಿಗೆ ಮೂರು ಹೆಸರು ಬೇಕಾಗಿತ್ತು. ಬಂದಿದ್ದು ಒಂದೇ, ಜ್ಯೋತಿಲಕ್ಷ್ಮಿಯದು. ಭಾನುವಾರ ಮುಗಿಯುವುದರೊಳಗೆ ಉಳಿದೆರಡು ಬರದಿದ್ದರೆ ಮೇನ್‌ಫ್ರೇಮನ್ನು ಆವೃತ್ತಿಯಿಂದ ತೆಗೆದುಹಾಕುತ್ತಾರೆ. ವಾರವೆಲ್ಲ ಫೋನ್ ಮಾಡಿದಳು. ಇಬ್ಬರೂ "ನೋಡಾನ" ಅಂದರು. ನೋಡೋಣ ಎಂದರೆ ಆಗುವುದಿಲ್ಲ ಎಂದು ಅರ್ಥ ಎಂಬುದು ಯಾರಿಗೆ ಗೊತ್ತಿಲ್ಲ? ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪನ್ನು ಬಗಲಿಗೆ ಹಾಕಿಕೊಂಡು ಅವಳು ಸಿರುಗುಪ್ಪದ ಬಸ್ಸು ಹತ್ತಿದಳು.

ಚಂದ್ರಣ್ಣ ಮಿಲ್ಲಿನ ಗೇಟಿನಲ್ಲೇ ಸಿಕ್ಕ. ತಲೆಯ ಮೇಲೆ ತೌಡಿನ ಧೂಳು.

"ನನ್ನ ಹೆಸರು ಹಾಕಾಕ ಏನೂ ಅಡ್ಡಿ ಇಲ್ಲ ಜ್ಯೋತಿ," ಅಂದ. "ಆದ್ರ ಅವ ಹಾಕಲಾರದ ನಾ ಹಾಕಿದ್ರ ಏನ್ ಬಂತು? ಇಬ್ರದು ಆದ್ರೂ ಮೂರನೇ ಹೆಸರು ಬೇಕಲ್ಲ."

"ಹಂಗಾರ ನಡಿ ಕುರುಗೋಡಿಗೆ."

"ನಾನು? ಅವನ ಮನಿಗೆ?"

"ಅವನ ಮನಿಗೆ ಬ್ಯಾಡ, ತ್ವಾಟಕ್ಕ ಬಾ. ನಾಕು ವರ್ಸ ಬಿಗುಮಾನ ಮಾಡಿದ್ದು ಸಾಕು. ನನಗ ಅರವತ್ತು ಆಗಾಕ ಬಂತು ಚಂದ್ರಣ್ಣ, ನಿಮ್ಮಿಬ್ರನ್ನೂ ರಮಿಸಿಕೊಂತ ಕುಂದ್ರಾಕ ನನಗ ಶಕ್ತಿ ಇಲ್ಲ."

ಅವಳ ದನಿ ಒಡೆದದ್ದು ಕೇಳಿ ಚಂದ್ರಣ್ಣ ಹೆಗಲ ಮೇಲಿನ ಟವೆಲ್ಲಿನಿಂದ ತಲೆ ಕೊಡವಿಕೊಂಡು ಹೊರಟ. ಬಸ್ಸು ತೆಕ್ಕಲಕೋಟೆ ದಾಟಿದ ಮೇಲೆ, ಕಿಟಕಿಯಾಚೆ ನೋಡುತ್ತಲೇ, ಆ ಪರೀಕ್ಷೆ ಯಾಕೆ ನಪಾಸಾಗುತ್ತದೆ ಎಂದು ತನಗೆ ಇವತ್ತಿಗೂ ಗೊತ್ತಾಗಿಲ್ಲ ಅಂದ. ಎಷ್ಟೋ ಸಲ ಕೂತು ನೋಡಿದ್ದನಂತೆ. ಗಾದಿಲಿಂಗಪ್ಪನನ್ನು ಕೇಳಿದ್ದರೆ ಹೇಳುತ್ತಿದ್ದನೇನೋ, ಕೇಳಲು ಮನಸ್ಸು ಒಪ್ಪಿರಲಿಲ್ಲ.

ಗಾದಿಲಿಂಗಪ್ಪ ತೋಟದ ಪಂಪ್ ಮನೆಯ ಮುಂದೆ ಅಂಜೂರ ಆಯುತ್ತಿದ್ದ. ಇಬ್ಬರನ್ನೂ ಒಟ್ಟಿಗೆ ಕಂಡು ಬುಟ್ಟಿ ಕೆಳಗಿಟ್ಟ. ಚಂದ್ರಣ್ಣನ ಕಡೆ ನೋಡದೆ ಜ್ಯೋತಿಲಕ್ಷ್ಮಿಗೆ ಹೇಳಿದ:

"ಬರ್ರಿ. ಯಾಕ ಬಂದೀರಿ ಅಂತ ಗೊತ್ತೈತಿ. ಆ ಪರೀಕ್ಷೆ ಇನ್ನೂ ಹಂಗ ಮುಚ್ಚಿಟ್ಟೈತಿ. ಅದು ಇರೋತನಕ ನನ್ನ ಹೆಸರು ಇಲ್ಲ."

"ತೆಗಿಯಾಕ ಬಂದೀನಿ ಲೇ," ಎಂದ ಚಂದ್ರಣ್ಣ. "ನನಗ ತಿಳಿವಲ್ದು. ನೀ ಕುಂತು ತೋರ್ಸು."

ಗಾದಿಲಿಂಗಪ್ಪ ಇಂಥ ಮಾತಿಗೆ ತಯಾರಿರಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿ ಆಡುತ್ತಿದ್ದ. ಪಂಪ್ ಮನೆಯೊಳಗಿಂದ ಹಗ್ಗದ ಹೊರಸು ಎಳೆದು ಹಾಕಿದ.

ಮೂವರೂ ಲ್ಯಾಪ್‌ಟಾಪಿನ ಮುಂದೆ ಕೂತರು, ನಡುವೆ ಜ್ಯೋತಿಲಕ್ಷ್ಮಿ. ಮೇನ್‌ಫ್ರೇಮಿನದು ಒಂದು ಗುಣ: ಸಂಖ್ಯೆಯನ್ನು ನಾವು ಬರೆಯುವ ಹಾಗೆ ದೊಡ್ಡ ಸ್ಥಾನದಿಂದ ಬರೆದಿಡುತ್ತದೆ. ಸಾಮಾನ್ಯ ಕಂಪ್ಯೂಟರುಗಳು ಚಿಕ್ಕ ಸ್ಥಾನದಿಂದ ಬರೆಯುತ್ತವೆ. ಅಲ್ಲಿಯದನ್ನು ಇಲ್ಲಿ ಓದುವಾಗ ಒಮ್ಮೆ ತಿರುಗಿಸಿಕೊಳ್ಳಬೇಕು. ಎಲ್ಲೋ ತಿರುಗಿಸುವುದು ಬಿಟ್ಟುಹೋಗಿದೆ ಎಂದು ಚಂದ್ರಣ್ಣ ಇಷ್ಟು ವರ್ಷ ಹುಡುಕಿದ್ದ. ಸರೋಜಾ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದಿಟ್ಟು, "ಮತ್ತ ಶುರು ಆತು ಬಿಟ್ಟಿ ಚಾಕರಿ" ಎಂದು ಹೋದಳು. ಹೇಳುವಾಗ ಅವಳ ಮುಖದಲ್ಲಿ ನಗು ಇತ್ತು. ಚಂದ್ರಣ್ಣ ಸಾಲು ಸಾಲು ಓದುತ್ತಿದ್ದ, ಗಾದಿಲಿಂಗಪ್ಪ ಎಣ್ಣೆಗೈಯನ್ನು ಪರದೆಗೆ ತಾಗಿಸಿ ಬೈಸಿಕೊಳ್ಳುತ್ತಿದ್ದ. ಬಿಸಿಲು ಇಳಿಯಿತು, ಮೋಟರು ನಿಂತಿತು.

"ತಡಿ," ಅಂದಳು ಜ್ಯೋತಿಲಕ್ಷ್ಮಿ. "ಇಲ್ಲಿ ತಿರುಗಿಸ್ಯಾರ. ಕೆಳಗ ಇನ್ನೊಂದು ಸಲ ತಿರುಗಿಸ್ಯಾರ. ಎರಡು ಸಲ ತಿರುಗಿಸಿದ್ರ ಮೊದಲಿದ್ದಂಗ ಆಗತೈತಿ."

"ಎರಡನೇ ಸಲ ಯಾವ ಹುಚ್ಚಪ್ಪ ತಿರುಗಿಸಿದ?" ಎಂದ ಗಾದಿಲಿಂಗಪ್ಪ.

ಈ ಕೆಲಸದಲ್ಲಿ ಪ್ರತಿ ಸಾಲಿಗೂ ಅದನ್ನು ಸೇರಿಸಿದವರ ಹೆಸರು ಅಂಟಿಕೊಂಡಿರುತ್ತದೆ. ಜ್ಯೋತಿಲಕ್ಷ್ಮಿ ಅದನ್ನು ತೆರೆದಳು. ಗಾದಿಲಿಂಗಪ್ಪ, ಕುರುಗೋಡು. ಬಹಳ ಹಿಂದೆ ಅವನೇ ಸರಿಪಡಿಸಿದ್ದ ಸಾಲು. ಆಮೇಲೆ ಮೂಲ ಬರೆದವರೂ ಎಚ್ಚೆತ್ತು ತಮ್ಮ ಕಡೆಯಿಂದ ಸರಿಪಡಿಸಿದ್ದರು. ಇವನದನ್ನು ಯಾರೂ ತೆಗೆದಿರಲಿಲ್ಲ.

ಮೊದಲು ನಕ್ಕವನು ಗಾದಿಲಿಂಗಪ್ಪನೇ. ನಕ್ಕು ನಕ್ಕು ಹೊರಸಿನ ಮೇಲೆ ಅಡ್ಡಾದ. ಚಂದ್ರಣ್ಣ ನಗಬೇಕೋ ಬೇಡವೋ ಎಂದು ನೋಡಿ, ಆಮೇಲೆ ತಡೆಯಲಾರದೆ ಅವನ ಬೆನ್ನಿಗೊಂದು ಗುದ್ದು ಹಾಕಿದ. "ಮಾನ್ಯ ಮಹೋದಯರೇ!" ಎಂದ. ಆ ಸಾಲು ತೆಗೆದರು, ಮುಚ್ಚಿಟ್ಟಿದ್ದ ಪರೀಕ್ಷೆ ತೆರೆದರು, ಓಡಿಸಿದರು. ಪಾಸಾಯಿತು.

"ಹಾಕ್ರಿ ನನ್ನ ಹೆಸರು," ಎಂದ ಗಾದಿಲಿಂಗಪ್ಪ.

"ನಂದೂ," ಎಂದ ಚಂದ್ರಣ್ಣ.

ಅವರ ಹಳೆಯ ಕೋಣೆಯಲ್ಲಿ ಒಬ್ಬರು ಬಾಯಲ್ಲಿ ಹೂಂ ಅಂದರೆ ಆ ಕೆಲಸ ಆದಂತೆಯೇ ಲೆಕ್ಕ. ಮೂವರಿಗೂ ಎಲ್ಲ ಮುಗಿಯಿತು ಅನ್ನಿಸಿಬಿಟ್ಟಿತು. ಸಾಹೇಬರು ಏಸಿಗೆ ಬಂದು ಗೊರಕೆ ಹೊಡೆದದ್ದು, ಪ್ರಿಂಟರಿನ ಕಾಗದ ಸಿಕ್ಕಿಕೊಂಡು ಸಂಬಳ ತಡವಾಗಿ ಕೂಲಿಗಳು ಬಾಗಿಲು ಬಡಿದದ್ದು, ಒಂದಾದ ಮೇಲೊಂದು ನೆನಪಾಯಿತು. ಸರೋಜಾ ಎರಡು ಚೀಲ ಅಂಜೂರ ಕಟ್ಟಿಕೊಟ್ಟಳು. ಜ್ಯೋತಿಲಕ್ಷ್ಮಿ, ಚಂದ್ರಣ್ಣ ಕೊನೆಯ ಬಸ್ಸಿಗೆ ಓಡಿದರು.

ಸೋಮವಾರ ಬೆಳಿಗ್ಗೆ ಜ್ಯೋತಿಲಕ್ಷ್ಮಿ ಮೇಲ್ ತೆರೆದಳು. ಮೇನ್‌ಫ್ರೇಮಿಗೆ ಒಂದೇ ಹೆಸರು ಬಂದಿರುವುದರಿಂದ ಅದನ್ನು ಈ ಆವೃತ್ತಿಯಿಂದ ಕೈಬಿಡಲಾಗಿದೆ ಎಂದಿತ್ತು. ತಂಡದವರದೇ ತಪ್ಪಿರಬೇಕು ಎಂದು ಮತ್ತೊಮ್ಮೆ ಓದಿದಳು. ಆಮೇಲೆ ಹೊಳೆಯಿತು. ಇಬ್ಬರೂ ಹೆಸರು ಹೇಳಿದ್ದರು, ಯಾರೂ ಬರೆದಿರಲಿಲ್ಲ. ಬರೆಸುವುದಕ್ಕೆಂದೇ ಬಸ್ಸು ಹತ್ತಿ ಹೋದವಳು ಅಂಜೂರ ಹಿಡಿದುಕೊಂಡು ವಾಪಸ್ ಬಂದಿದ್ದಳು.

ತಂಡದ ಮುಖ್ಯಸ್ಥೆಗೆ ಅಂಗಲಾಚಿ ಬರೆದಳು. ಆಕೆಯ ಉತ್ತರ ಸಂಜೆಯೊಳಗೆ ಬಂತು, ಮೆತ್ತಗಿತ್ತು. ನಿಮಗೆ ಬಾಗಿಲು ತೆರೆದರೆ ಎಲ್ಲರಿಗೂ ತೆರೆಯಬೇಕಾಗುತ್ತದೆ. ಬೇಕಿದ್ದರೆ ಅನಧಿಕೃತವಾಗಿ ಹೊರಗೆ ಇಟ್ಟುಕೊಂಡು ನಡೆಸಬಹುದು. ಅದಕ್ಕೆ ನಮ್ಮ ಭರವಸೆ ಇರುವುದಿಲ್ಲ, ಹಾಜರಿಯೂ ಇರುವುದಿಲ್ಲ. ಜ್ಯೋತಿಲಕ್ಷ್ಮಿ ಇಬ್ಬರನ್ನೂ ಫೋನಿನಲ್ಲಿ ಕೂಡಿಸಿ ಅದನ್ನು ಓದಿ ಹೇಳಿದಳು. ಹೇಳುತ್ತಾ ಅತ್ತಳು. "ನೀನು ಹಾಕ್ತಿ ಅಂದ್ಕೊಂಡಿದ್ದೆ" ಎಂದು ಚಂದ್ರಣ್ಣ ಗೊಣಗಿದ.

"ನಾವು ಬಿಟ್ರ ಅದು ನಿಂತು ಹೋಗತೈತೇನು?" ಕೇಳಿದ ಗಾದಿಲಿಂಗಪ್ಪ.

"ಹೂನಣ್ಣ," ಎಂದಳು ಜ್ಯೋತಿಲಕ್ಷ್ಮಿ. "ಇನ್ನ ಯಾರಿಗೂ ಬ್ಯಾಡಾದದ್ದು ಅದು. ಯಾರು ನಿಲ್ತೀರಿ ಅಂತ ಕೇಳೋರೂ ಇಲ್ಲ."

ಗಾದಿಲಿಂಗಪ್ಪ ಹಾಜರಿ ಕರೆಯುವವರ ಹಾಗೆ ದನಿ ಏರಿಸಿದ.

"ಹಂಗಾರ ನಾನ ಕೇಳ್ತೀನಿ. ಮೇನ್‌ಫ್ರೇಮಿಗೆ ಯಾರು ನಿಲ್ತೀರಿ?"

"ನಾನು," ಎಂದ ಚಂದ್ರಣ್ಣ.

"ನಾನು," ಎಂದಳು ಜ್ಯೋತಿಲಕ್ಷ್ಮಿ.

"ನಾನೂ ಅದೀನಿ," ಎಂದ ಗಾದಿಲಿಂಗಪ್ಪ.

ಹೇಳುವುದು ಅಷ್ಟೇ ಇತ್ತು. ಆದರೂ ಬಹಳ ಹೊತ್ತು ಯಾರೂ ಫೋನ್ ಇಡಲಿಲ್ಲ.