ಹೆಸರಿನ ಅಳತೆ

"ಇನ್ನೂ ಸಣ್ಣದ್ ಮಾಡವ್ವ," ಎಂದರು ನಾಗೇಂದ್ರಪ್ಪ, ಶಿವಗಂಗಾಳ ಕುರ್ಚಿಯ ಬೆನ್ನಿಗೆ ಕೈ ಊರಿ. "ಹಾಕಿಲ್ಲ ಅನಬಾರದು, ಅಷ್ಟೇ."

ಅವಳು ಇನ್ನೂ ಸಣ್ಣದು ಮಾಡಿದಳು. ಶಹಾಬಾದಿನಲ್ಲಿ ನೆಲಹಾಸಿನ ಪರಸಿ ಕಲ್ಲು ಕೊಯ್ಯುವ ಮಷೀನುಗಳ ಮಾಲೀಕರ ಸಂಘದ ಕಚೇರಿಯಲ್ಲಿ ಟೈಪು ಮಾಡುವುದು, ಬಂದವರಿಗೆ ಚಹಾ ತರಿಸುವುದು, ವೆಬ್‌ಸೈಟು ನೋಡಿಕೊಳ್ಳುವುದು ಎಲ್ಲ ಅವಳ ಪಾಲಿಗೇ ಬಿದ್ದಿತ್ತು. ವೆಬ್‌ಸೈಟು ಮಾಡಿಕೊಟ್ಟವನು ಹೋಗುವಾಗ ಒಂದಿಷ್ಟು ಟ್ಯಾಗು ಕಲಿಸಿ ಕೈತೊಳೆದುಕೊಂಡಿದ್ದ. ಬರಹದ ಮುಂದೆ ಕೋನದ ಕಂಸದೊಳಗೆ ಬಿ ಎಂದು ಬರೆದರೆ ಅಕ್ಷರ ದಪ್ಪ, ಎಚ್ ಒನ್ ಎಂದರೆ ಪರದೆ ತುಂಬುವ ತಲೆಬರಹ, ಸ್ಮಾಲ್ ಎಂದರೆ ಸಣ್ಣ. ಬರಹ ಮುಗಿದಲ್ಲಿ ಅದೇ ಟ್ಯಾಗಿಗೆ ಓರೆಗೀಟು ಸೇರಿಸಿ ಮುಚ್ಚಬೇಕು. ಅಷ್ಟು ಕಲಿತದ್ದೇ ತಡ, ಊರಿನ ದೊಡ್ಡವರ ಆಸೆಯೆಲ್ಲ ಅವಳಿಗೆ ತಿಳಿದುಹೋಯಿತು. ಯಾರಿಗೂ ಬಿ ಸಾಲದು. ಹೊಸ ಅಧ್ಯಕ್ಷರ ಸತ್ಕಾರದ ಸುದ್ದಿಗೆ ಬೆಳಿಗ್ಗೆಯಿಂದ ಎಚ್ ಒನ್ ಹಾಕಿ, ಹಾರದ ಫೋಟೋ ಹಾಕಿ, ಅದು ಓರೆಯಾಯಿತೆಂದು ಮತ್ತೆ ಹಾಕಿ, ಅವಳ ಕಣ್ಣು ಉರಿಯುತ್ತಿತ್ತು. ಸಾಕಾಗಿಹೋಗಿತ್ತು ಅವಳಿಗೆ.

ಸಣ್ಣದು ಮಾಡಬೇಕಾಗಿದ್ದದ್ದು ಅಂಬರಾಯನ ಸಾವಿನ ಸುದ್ದಿ. ಪಕ್ಕದ ಭಂಕೂರಿನವನು, ಮಷೀನಿನಲ್ಲಿ ಕಲ್ಲು ಕೊಯ್ದು ಕೊಯ್ದು, ಪುಡಿ ನುಂಗಿ, ದಮ್ಮು ಹತ್ತಿ ಹಾಸಿಗೆ ಹಿಡಿದಿದ್ದ. ಬೆಳಗಿನ ಜಾವ ತೀರಿಕೊಂಡ. ಕಲ್ಲಿನ ಕೆಲಸದವರು ಸತ್ತರೆ ಹೆಣ ಎತ್ತುವಾಗಿನಿಂದ ಮಣ್ಣು ಮುಚ್ಚುವವರೆಗೆ ಸುತ್ತಲಿನ ಮಷೀನೆಲ್ಲ ನಿಲ್ಲಿಸುವುದು ಅಲ್ಲಿಯ ರೂಢಿ. ಹಿಂದೆ ಫಕೀರಸಾಬ ಎಂಬ ಮುದುಕ ಸೈಕಲ್ ಮೇಲೆ ಮಷೀನಿನಿಂದ ಮಷೀನಿಗೆ ಹೋಗಿ ಹೇಳಿಬರುತ್ತಿದ್ದ. ಅವನೂ ಹೋದ ಮೇಲೆ ಆ ಕೆಲಸ ವೆಬ್‌ಸೈಟಿಗೆ ಬಂತು. ಹೊಸದೇನಾದರೂ ಹಾಕಿದರೆ ಮಾಲೀಕರ ಫೋನು ಟಿಣ್ ಎನ್ನುತ್ತದೆ. ಅವರು ತೆರೆದು, ಮೇಲಿನದನ್ನಷ್ಟೇ ನೋಡಿ, ಜೇಬಿಗೆ ಹಾಕಿಕೊಳ್ಳುತ್ತಾರೆ.

ಸಂಘದ ಕಾರ್ಯದರ್ಶಿ ನಾಗೇಂದ್ರಪ್ಪನವರಿಗೆ ಇದು ಗೊತ್ತಿತ್ತು. ಅವರ ಮಷೀನಿನ ಮುಂದೆ ಲಾರಿ ನಿಂತಿತ್ತು. ಸಂಜೆಯೊಳಗೆ ಮಾಲು ತುಂಬಿಸಿ ಕಳಿಸಬೇಕು. ಅಂಬರಾಯ ಕೆಲಸ ಬಿಟ್ಟು ಎಷ್ಟೋ ಕಾಲವಾಯಿತಲ್ಲ, ಅಂಥವರಿಗೂ ಮಷೀನು ನಿಲ್ಲಿಸುತ್ತ ಕೂತರೆ ದಂಧೆ ನಡೆದಂತೆಯೇ ಎಂದು ತಾವೇ ಕೇಳಿ ತಾವೇ ತಲೆಯಾಡಿಸಿದರು. ನಾಲ್ಕು ಗಂಟೆಗೆ ಅಂತ್ಯಕ್ರಿಯೆ ಎಂಬ ಸುದ್ದಿ ಪುಟದ ತಳಕ್ಕೆ ಹೋಯಿತು, ಸ್ಮಾಲ್ ಟ್ಯಾಗಿನೊಳಗೆ ಇನ್ನೊಂದು ಸ್ಮಾಲ್ ಟ್ಯಾಗು. ಅವರು ಸಮಾಧಾನದಿಂದ ತಮ್ಮ ಮಷೀನಿಗೆ ಹೊರಟುಹೋದರು. ಶಿವಗಂಗಾ ಮೇಜಿಗೆ ತಲೆ ಇಟ್ಟಳು. ನಾಚಿಕೆಪಡುವುದಕ್ಕೂ ಅವಳಲ್ಲಿ ತ್ರಾಣ ಉಳಿದಿರಲಿಲ್ಲ.

ನಾಲ್ಕು ದಾಟಿದ ಮೇಲೆ ಬಾಗಿಲಲ್ಲಿ ಅಂಬರಾಯನ ಮಗಳು ಅಂಬಿಕಾ ಬಂದು ನಿಂತಳು. ಅತ್ತು ಅತ್ತು ಮುಖ ಬಾತಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಬೀಗರು ನೆಂಟರು ಬಂದಾಗಿದೆ, ಕುಣಿ ತೋಡಿಯಾಗಿದೆ, ಆದರೆ ತಾಯಿ ಭೀಮಬಾಯಿ ಹೆಣ ಮುಟ್ಟಗೊಡುತ್ತಿಲ್ಲ ಎಂದಳು.

"ಮಷೀನ್ ನಿಂತ ಮ್ಯಾಲೇ ಎತ್ರಿ ಅಂತ ಅಪ್ಪನ ಕಾಲ್ ಹಿಡ್ಕೊಂಡ್ ಕುಂತಾಳ್ರಿ ಅಕ್ಕಾ. ಎಲ್ಲಾ ಮಷೀನ್ ನಡದೇ ಅವ. ನೀವು ಸುದ್ದಿ ಹಾಕೀರೇನ್ರಿ?"

ಹಾಕಿದ್ದೇನೆ ಎಂದಳು ಶಿವಗಂಗಾ. ಹುಡುಗಿ ತನ್ನ ಫೋನಿನಲ್ಲಿ ಪುಟ ತೆರೆದು ಬೆರಳಾಡಿಸಿದಳು. ಅಧ್ಯಕ್ಷರ ಹಾರ ಬಂತು, ಕಲ್ಲಿನ ದರ ಬಂತು, ಕರೆಂಟು ಹೋಗುವ ಹೊತ್ತು ಬಂತು. ಅಪ್ಪನ ಹೆಸರನ್ನು ದಾಟಿ ತಳ ಮುಟ್ಟಿ, ಮತ್ತೆ ಮೇಲೆ ಹತ್ತಿದಳು. ಕೊನೆಗೆ ಶಿವಗಂಗಾಳೇ ಬೆರಳಿಟ್ಟು ತೋರಿಸಬೇಕಾಯಿತು. ಅಂಬಿಕಾ ಎರಡು ಬೆರಳಿಂದ ಹಿಗ್ಗಿಸಿ ಓದಿದಳು.

"ಇಷ್ಟ್ ಸಣ್ಣದು ಯಾರಿಗಿ ಕಾಣ್ತದ್ರಿ ಅಕ್ಕಾ?"

ಬೈದಿದ್ದರೆ ಶಿವಗಂಗಾಳೂ ಏನಾದರೂ ಅನ್ನಬಹುದಿತ್ತು. ಹುಡುಗಿ ಬೈಯಲಿಲ್ಲ. ಅವ್ವನ ಹತ್ತಿರ ಹೋಗಬೇಕು ಎಂದು ಹೇಳಿ, ಸೆರಗಿನಿಂದ ಮೂಗು ಒರೆಸಿಕೊಂಡು ಹೊರಟಳು. ಮಧ್ಯಾಹ್ನ ಬಾರದ ನಾಚಿಕೆ ಶಿವಗಂಗಾಳಿಗೆ ಈಗ ಬಂತು.

ಅವಳು ಕಂಪ್ಯೂಟರಿನತ್ತ ತಿರುಗಿದಳು. ತಳದ ಸಾಲನ್ನು ಕತ್ತರಿಸಿ ಅಧ್ಯಕ್ಷರ ಹಾರಕ್ಕಿಂತ ಮೇಲೆ ಇಟ್ಟಳು. ಎರಡೂ ಸ್ಮಾಲ್ ಅಳಿಸಿದಳು, ಎಚ್ ಒನ್ ಬರೆದಳು. ಅಂಬರಾಯ, ಭಂಕೂರ. ಹೆಣ ಎತ್ತುತ್ತಿದ್ದಾರೆ, ಮಷೀನು ನಿಲ್ಲಿಸಿ. ಟ್ಯಾಗು ಮುಚ್ಚಿದಳು. ಕೆಲಸ ಹೋದರೆ ಹೋಗಲಿ ಎನ್ನುವ ಗಟ್ಟಿಗಿತ್ತಿಯೇನಲ್ಲ ಅವಳು. ಆದರೂ ಪ್ರಕಟಿಸುವ ಗುಂಡಿ ಒತ್ತಿದಳು.

ಮಷೀನಿನ ಸದ್ದು ಆ ಊರಿನಲ್ಲಿ ಯಾರಿಗೂ ಕೇಳಿಸುವುದಿಲ್ಲ, ಅಷ್ಟು ರೂಢಿಯಾಗಿದೆ. ಕಡಿಮೆಯಾದರೆ ಮಾತ್ರ ಗೊತ್ತಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಸ್ಟೇಷನ್ ಕಡೆಯದೊಂದು ನಿಂತಿತು. ಆಮೇಲೆ ರಸ್ತೆಯಾಚೆಯದು. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು.

"ಯಾರನ್ನ ಕೇಳಿ ಮ್ಯಾಲ ಹಾಕ್ದಿ?" ಎಂದರು ನಾಗೇಂದ್ರಪ್ಪ. "ಮೊದಲ ತೆಗಿ ಅದನ್ನ."

"ತೆಗೀತೀನ್ರಿ ಸಾವಕಾರ್ರ. ಮಣ್ಣ್ ಆದ ಮ್ಯಾಲ ತೆಗೀತೀನಿ."

ಅವರು ಸಿಟ್ಟಿಗೆದ್ದರು. ನಾಳೆಯಿಂದ ಬರಬೇಡ ಎಂದರು, ಉಂಡ ಮನೆಯ ಋಣ ಎಂದರು. ಒಂದೊಂದು ಮಾತಿನ ನಡುವೆ ಎಲ್ಲೋ ಒಂದೊಂದು ಮಷೀನು ನಿಲ್ಲುತ್ತಿತ್ತು. ಬೈಯುತ್ತಿದ್ದವರು ಅರ್ಧದಲ್ಲೇ ಮಾತು ಬಿಟ್ಟರು. ಈಗ ಒಂದೇ ಸದ್ದು ಉಳಿದಿತ್ತು. ಅವಳಿಗೆ ಅದು ಕಿಟಕಿಯಿಂದಲೂ ಕೇಳುತ್ತಿತ್ತು, ಫೋನಿನಿಂದಲೂ ಕೇಳುತ್ತಿತ್ತು. ಭಂಕೂರಿನಲ್ಲಿ ಹೆಣದ ಸುತ್ತ ಕೂತವರಿಗೂ ಕೇಳುತ್ತಿರಬೇಕು. ಅದು ಯಾರ ಮಷೀನೆಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ.

ನಾಗೇಂದ್ರಪ್ಪನವರ ದನಿ ಫೋನಿನಿಂದ ದೂರ ಸರಿಯಿತು.

"ಬಂದ್ ಮಾಡ್ರಲೇ."

ಕೊಯ್ಯುವ ಚಕ್ರ ಕಿರುಗುಟ್ಟುತ್ತ ನಿಧಾನವಾಗಿ, ನಿಂತಿತು. ಅವರು ಫೋನು ಇಡಲಿಲ್ಲ, ಅವಳೂ ಇಡಲಿಲ್ಲ. ಆ ಕಡೆ, ಅರ್ಧ ಕೊಯ್ದ ಕಲ್ಲಿನ ಮೇಲೆ, ಕೊಯ್ಯುವಾಗ ಬಿಡುವ ನೀರು ಬೀಳುವುದಷ್ಟೇ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಯಾರೋ ನಲ್ಲಿಯನ್ನೂ ತಿರುಗಿಸಿ ನಿಲ್ಲಿಸಿದರು.