ತಾರಾಬಾಯಿಯ ತೋಳ

ದಿಗ್ಗೇವಾಡಿಯ ಕಬ್ಬಿನಲ್ಲಿ ತೋಳ ಸೇರಿದೆ ಎಂಬ ಸುದ್ದಿ ಊರೆಲ್ಲ ಹಬ್ಬಿತ್ತು. ತೋಳ ಯಾರೆಂದು ತಾರಾಬಾಯಿಗೆ ಮಾತ್ರ ಗೊತ್ತು. ಅವಳ ಅರ್ಧ ಎಕರೆ ಕಡಲೆಯನ್ನು ಹೋಗಿಬರುವವರೆಲ್ಲ ಹಸಿಯಾಗಿಯೇ ಕಿತ್ತು ತಿನ್ನುತ್ತಿದ್ದರು. ಅದಕ್ಕೇ ದಿನಾ ಮುಸ್ಸಂಜೆ ಪಂಪಿನ ಮನೆಯ ಮರೆಯಲ್ಲಿ ಖಾಲಿ ಕೊಡಕ್ಕೆ ಬಾಯಿಟ್ಟು ಊಳಿಟ್ಟು, ಹಿಂದಿನ ದಾರಿಯಿಂದ ಮನೆ ಸೇರುತ್ತಿದ್ದಳು. ಜನ ಆ ಕಡೆ ಸುಳಿಯುವುದನ್ನೇ ಬಿಟ್ಟರು. ಆದರೂ ಗಿಡ ಬೋಳಾಗುತ್ತಲೇ ಇದ್ದವು. ತೋಳಕ್ಕೂ ಅಂಜದ ಆ ಭಂಡ ಯಾರೆಂದು ಅವಳ ಹೊಟ್ಟೆ ಉರಿಯುತ್ತಿತ್ತು.

ಅಷ್ಟರಲ್ಲಿ ತೋಳದ ಕೂಗಿನ ಅಧ್ಯಯನ ಮಾಡುವ ಸ್ನೇಹಲ ನಿಪ್ಪಾಣಿಯಿಂದ ಬಂದಳು. ಬದುವಿನ ಬೇವಿನ ಮರಕ್ಕೆ ರೆಕಾರ್ಡರ್ ಕಟ್ಟಬೇಕು, ಯಜಮಾನರು ಜೊತೆಗೆ ಬರುತ್ತಾರೇನು ಎಂದು ಕೇಳಿದಳು.

"ಅವರು ಸಂಜೀಕ ಸಿಗೂದಿಲ್ಲ ತಂಗಿ. ಹೊತ್ತು ಮುಳುಗೂದ್ರಾಗ ಉಂಡು ಬಸದಿಗೆ ಹೋಗ್ತಾರ. ಮುನಿಗಳ ಮುಂದ ವ್ರತ ಹಿಡದಾರ. ಕತ್ತಲಾದ ಮ್ಯಾಲ ಒಂದು ಕಾಳೂ ಮುಟ್ಟೂದಿಲ್ಲ."

ಗಂಡ ದಾದಾಸಾಹೇಬನ ಈ ವ್ರತದ ಬಗ್ಗೆ ಓಣಿಯಲ್ಲಿ ಅವಳು ಹೇಳದ ಮನೆ ಉಳಿದಿರಲಿಲ್ಲ. ಈಗ ಪೀಕಲಾಟ ಬೇರೆಯೇ. ಕೂಗಿದರೆ ಯಂತ್ರಕ್ಕೆ ಸಿಕ್ಕಿಬೀಳುತ್ತಾಳೆ, ಕೂಗದಿದ್ದರೆ ಉಳಿದ ಕಡಲೆಯೂ ಹೋಗುತ್ತದೆ. ಕೂಗಿದಳು.

ಮೂರು ದಿನ ಬಿಟ್ಟು ಸ್ನೇಹಲ ಲ್ಯಾಪ್‌ಟಾಪ್ ತಂದು ಕಟ್ಟೆಯ ಮೇಲೆ ಕುಳಿತಳು.

"ಆಯಿ, ತೋಳಕ್ಕ ಕೆಮ್ಮು ಬರೂದಿಲ್ರಿ. ಇದಕ್ಕ ದಿನಾ ಬರಾಕತ್ತೈತಿ."

ತಾರಾಬಾಯಿ ತಲೆ ತಗ್ಗಿಸಿದಳು.

"ನಾ ಯಾರ ಮುಂದೂ ಹೇಳೂದಿಲ್ಲ, ಬಿಡ್ರಿ. ಆದರ ಕೂಗಿನ ಬೆನ್ನಿಗೆ ಇದೊಂದು ಐತಿ. ಕೇಳ್ರಿ."

ಸರ್ರೆಂದು ಗಿಡ ಕಿತ್ತ ಸದ್ದು. ಕಟಕಟ ಜಗಿದ ಸದ್ದು. ಆಮೇಲೆ ನೆಮ್ಮದಿಯ ಗಂಡು ದನಿ: "ನಮ್ಮಾಕಿ ದನಿ ಇವತ್ತ ಯಾಕೋ ಒಡದೈತಿ."

"ಇದು ಎಷ್ಟರ ಸುಮಾರ?"

"ಆರೂ ಐವತ್ತಕ್ರಿ. ಪೂರಾ ಹೊತ್ತು ಮುಳುಗಿತ್ತು."

ಕಡಲೆ ಹೋದದ್ದಕ್ಕಿಂತ ಗಂಡನ ವ್ರತವನ್ನು ತಾನು ಓಣಿಯೆಲ್ಲ ಹೇಳಿಕೊಂಡು ತಿರುಗಿದ್ದೇ ಅವಳನ್ನು ಚುಚ್ಚಿತು. ಅತ್ತುಬಿಡಬೇಕೆನಿಸಿತು, ಬಂದದ್ದು ನಗೆ.

"ಮಶೀನ ಇನ್ನೊಂದಿನ ಅಲ್ಲೇ ಇರಲಿ ತಂಗಿ."

ಅಂದು ಸಂಜೆ ಪಂಪಿನ ಮನೆ ಕಡೆಯಿಂದ ಕೂಗು ಬರಲಿಲ್ಲ. ದಾದಾಸಾಹೇಬ ಕಡಲೆ ಮಡಿಯಲ್ಲಿ ಕುಕ್ಕರಗಾಲಲ್ಲಿ ಕೂತು ಸುಲಿಯುತ್ತಿದ್ದ. ತಾರಾಬಾಯಿ ಚಪ್ಪಲಿ ಕಳಚಿಟ್ಟು ಹಿಂದಿನಿಂದ ಹೋಗಿ, ಅವನ ಕಿವಿಯ ಹತ್ತಿರವೇ ಕೊಡ ಹಿಡಿದು ಊಳಿಟ್ಟಳು.

ಮರುದಿನ ಸ್ನೇಹಲ ಬಂದಾಗ ದಾದಾಸಾಹೇಬ ಕಿವಿಗೆ ಅರಳೆ ತುರುಕಿಕೊಂಡು ಮೂಲೆಯಲ್ಲಿ ಕೂತಿದ್ದ.

"ಆಯಿ, ಮೊದಲನೇ ಕೂಗು ಗೊತ್ತಾತ್ರಿ. ಎರಡನೇದು ಬಸದಿ ಕಡೆ ಒದರಕೋತ ಓಡೈತಿ. ಯಾವ ಪ್ರಾಣಿರಿ ಅದು?"

ತಾರಾಬಾಯಿ ಸೆರಗು ಸರಿಮಾಡಿಕೊಂಡಳು.

"ನಲವತ್ತ ವರ್ಷದಿಂದ ಸಾಕಾಕತ್ತೇನಿ ತಂಗಿ. ಆದರ ಅದರ ಹೆಸರ ನಾ ಹೇಳಬಾರದು."